ಯೋಚನೆಯೆಲ್ಲ ಗ್ರೇ ಮ್ಯಾಟರ್‌ನದ್ದಾದರೆ ವೈಟ್ ಮ್ಯಾಟರ್‌ಗೇನು ಕೆಲಸ?

ಪ್ರಶ್ನೆ: ಯೋಚನೆ ಮಾಡೋದೆಲ್ಲ ಗ್ರೇ ಮ್ಯಾಟರ್, ಅಂದರೆ ಮೆದುಳಿನ ಬೂದು ಭಾಗ ಅಂತ ಓದಿದ್ದೇನೆ. ಹಾಗಾದರೆ ಮೆದುಳಿನ ಬಿಳಿ ಭಾಗ ಸುಮ್ನೆ ಜಾಗ ತುಂಬಿಸೋಕೆ ಇದೆಯಾ?

ಉತ್ತರ: ಸುಮ್ನೆ ಅಲ್ಲ. ಮೆದುಳಿನ ಹೆಚ್ಚೂಕಡಿಮೆ ಅರ್ಧದಷ್ಟು ಅದೇ ಇದೆ! ಗ್ರೇ ಮ್ಯಾಟರ್‌ನಲ್ಲಿ ನರಕೋಶಗಳು ಕೂತಿರುತ್ತವೆ. ಅವುಗಳ ಸಂಕೇತಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ಉದ್ದನೆಯ ಎಳೆಗಳು ಕಂತೆ ಕಂತೆಯಾಗಿ ಸಾಗುವ ಜಾಗವೇ ವೈಟ್ ಮ್ಯಾಟರ್.

ಆ ಬಿಳುಪು ಕೊಬ್ಬಿನದು. ಎಳೆಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಪದರ ಸುರುಳಿ ಸುತ್ತಿಕೊಂಡಿರುತ್ತದೆ. ನಡುನಡುವೆ ಸಣ್ಣ ಸಂದುಗಳು. ಸಂಕೇತ ಒಂದು ಸಂದಿನಿಂದ ಇನ್ನೊಂದಕ್ಕೆ ಹಾರಿದ ಹಾಗೆ ಓಡುತ್ತದೆ. ಮಯಲಿನ್ ಇಲ್ಲದ ಎಳೆಯಲ್ಲಿ ಸೆಕೆಂಡಿಗೆ ಸುಮಾರು 1 ಮೀಟರ್ ವೇಗ. ಮಯಲಿನ್ ಇರುವ ದಪ್ಪ ಎಳೆಗಳಲ್ಲಿ ಅದು 100 ಮೀಟರ್ ದಾಟುವುದೂ ಉಂಟು.

ಕಾಲ್ಬೆರಳು ಮಂಚಕ್ಕೆ ಎಡವಿದಾಗ ಗಮನಿಸಿ. ತಾಗಿದ್ದು ತಕ್ಷಣ ಗೊತ್ತಾಗುತ್ತದೆ. ಜೀವ ಹಿಂಡುವ ಆ ಉರಿನೋವು ಮಾತ್ರ ಒಂದು ಗಳಿಗೆ ಬಿಟ್ಟು ಬರುತ್ತದೆ, ಅಲ್ವಾ? ಮೊದಲನೆಯದು ಬಂದದ್ದು ಮಯಲಿನ್ ಇರುವ ಎಳೆಯಲ್ಲಿ, ಎರಡನೆಯದು ಇಲ್ಲದ ಎಳೆಯಲ್ಲಿ. (ಇದು ಕಾಲಿನ ನರದ ಕಥೆ. ಆದರೆ ಮೆದುಳಿನಲ್ಲೂ ಉಪಾಯ ಇದೇ.)

ಮಯಲಿನ್ ಇಲ್ಲದೆಯೂ ವೇಗ ಪಡೆಯಬಹುದು, ಎಳೆ ದಪ್ಪಗಾಗಬೇಕು ಅಷ್ಟೇ. ಸ್ಕ್ವಿಡ್ ಎಂಬ ಕಡಲಜೀವಿಯ ದೈತ್ಯ ಎಳೆ ಹಾಗೇ ಇದೆ, ಬರಿಗಣ್ಣಿಗೆ ಕಾಣುವಷ್ಟು ದಪ್ಪ. ನಮ್ಮ ಮೆದುಳಿನ ಎಡ ಬಲ ಭಾಗಗಳನ್ನು ಬೆಸೆಯುವ ಕಾರ್ಪಸ್ ಕಲೋಸಮ್ ಒಂದರಲ್ಲೇ ಸುಮಾರು 20 ಕೋಟಿ ಎಳೆಗಳಿವೆ. ಅವೆಲ್ಲ ಅಷ್ಟು ದಪ್ಪ ಆಗಿದ್ದರೆ ತಲೆ ಸಾಲುತ್ತಿರಲಿಲ್ಲ, ಮನೆಯೇ ಬೇಕಾಗುತ್ತಿತ್ತು.

ಈ ದಾರಿಗಳು ಕೆಟ್ಟರೆ ಏನಾಗುತ್ತದೆ ಅಂತ ನೋಡಿದರೆ ಅವುಗಳ ಬೆಲೆ ಗೊತ್ತಾಗುತ್ತದೆ. ಮಾತನ್ನು ಅರ್ಥಮಾಡಿಕೊಳ್ಳುವ ಜಾಗಕ್ಕೂ ಮಾತು ಹೊರಡಿಸುವ ಜಾಗಕ್ಕೂ ನಡುವೆ ಪೆಟ್ಟಾದ ಕೆಲವರಿದ್ದಾರೆ. ನೀವು ಹೇಳಿದ್ದು ಅವರಿಗೆ ಅರ್ಥವಾಗುತ್ತದೆ. ಅವರ ಮಾತೂ ಸರಾಗ. ಆದರೆ ‘ನಾನು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ’ ಅಂದರೆ ತಡವರಿಸುತ್ತಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯಲ್ಲಂತೂ ದೇಹದ ರಕ್ಷಣಾ ವ್ಯವಸ್ಥೆಯೇ ಮಯಲಿನ್ ಮೇಲೆ ಬೀಳುತ್ತದೆ. ಕಣ್ಣು ಮಂಜಾಗಬಹುದು, ಕೈಕಾಲು ಜೋಮು ಹಿಡಿಯಬಹುದು.

ಹುಟ್ಟಿದ ಮಗುವಿನಲ್ಲಿ ಮಯಲಿನ್ ತೀರಾ ಕಡಿಮೆ. ಹಿಂಭಾಗದಲ್ಲಿ ಬೇಗ ತುಂಬುತ್ತದೆ. ಹಣೆಯ ಹಿಂದಿನ ಭಾಗದ ಸರದಿ ಕೊನೆಗೆ, ಅಲ್ಲಿ 20 ವರ್ಷ ದಾಟಿದ ಮೇಲೂ ಕೆಲಸ ನಡೆಯುತ್ತಿರುತ್ತದೆ. ದೊಡ್ಡವರಾದ ಮೇಲೂ ವೈಟ್ ಮ್ಯಾಟರ್ ಇದ್ದ ಹಾಗೇ ಇರುವುದಿಲ್ಲ. ಆಕ್ಸ್‌ಫರ್ಡ್‌ನ ಸಂಶೋಧಕರು ಕೆಲವರಿಗೆ 6 ವಾರ ಚೆಂಡು ಎಸೆದು ಹಿಡಿಯುವ ಜಗ್ಲಿಂಗ್ ಕಲಿಸಿ, 2009ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಸ್ಕ್ಯಾನ್‌ನಲ್ಲಿ ವೈಟ್ ಮ್ಯಾಟರ್ ಬದಲಾಗಿತ್ತು. ಚೆನ್ನಾಗಿ ಕಲಿತವರಲ್ಲಿ ಮಾತ್ರ ಅಲ್ಲ, ಆಟ ಅಷ್ಟಾಗಿ ಕೈಹತ್ತದವರಲ್ಲೂ.