ತೇರಿನ ಹಗ್ಗವೋ, ಊರಿಗೆ ಮರಳುವ ಕ್ರೂಸರ್ ಜೀಪೋ?

ಹೋಳಿಯ ಐದನೇ ದಿನಕ್ಕೆ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. 2020ರಲ್ಲಿ ಅದೇ ವಾರ, ಮಾರ್ಚ್ 10ರಂದು, ಈ ಊರಿನ ಹಿರಿಯರೊಬ್ಬರು ತೀರಿಕೊಂಡರು. ದೇಶದ ಮೊದಲ ಕೊರೋನಾ ಸಾವು ಅದು. ಮುಂದಿನ ತಿಂಗಳು ಲಾಕ್‌ಡೌನ್ ನಡುವೆಯೇ ಚಿತ್ತಾಪುರ ತಾಲೂಕಿನ ರಾವೂರಿನಲ್ಲಿ ತೇರು ಎಳೆದು ಪೊಲೀಸ್ ಕೇಸೂ ಆಯಿತು. ರೋಗ ಹಬ್ಬಿಸುವುದು ಜಾತ್ರೆ, ಉರುಸುಗಳೇನಾ?

ಜಗಳ ಹಳೆಯದು. 1865ರ ಹಜ್‌ನಲ್ಲಿ ಕಾಲರಾಕ್ಕೆ ಸುಮಾರು 15,000 ಯಾತ್ರಿಕರು ಸತ್ತರು; ಮರಳುವ ಹಡಗುಗಳೊಂದಿಗೆ ರೋಗ ಸೂಯೆಜ್, ಅಲೆಕ್ಸಾಂಡ್ರಿಯಾ ದಾಟಿ ಯುರೋಪ್ ಸೇರಿತು. 1867ರ ಹರಿದ್ವಾರದ ಕುಂಭದಲ್ಲಿ ಮೇಳದ ಜಾಗದಲ್ಲಿ ಕಂಡದ್ದು ಕೆಲವೇ ಪ್ರಕರಣ. ಸಾವುಗಳ ಸಾಲು ಪಂಜಾಬಿಗೆ ಮರಳುವ ದಾರಿಯುದ್ದಕ್ಕೂ. ಕಾಲರಾ ಹೊರಬೀಳಲು ಕೆಲವು ಗಂಟೆಯಿಂದ ಐದು ದಿನ ಬೇಕು, ಅಷ್ಟರಲ್ಲಿ ಜನ ಚದುರಿರುತ್ತಾರೆ.

ಕಾಲರಾ ನೀರಿನ ರೋಗ. ತಿಳಿನೀರಾದರೆ 1000 ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಸುಮಾರು 2.5 ಗ್ರಾಂ ಬೆರೆಸಿ ಅರ್ಧ ಗಂಟೆ ಬಿಡಬೇಕು. ಎಡವುವುದು ಇಲ್ಲೇ: ಚೀಲದ ಬಾಯಿ ಬಿಚ್ಚಿಟ್ಟರೆ ಪುಡಿಯ ಕಸುವು ಹಾರಿಹೋಗುತ್ತದೆ, ರಾಡಿ ನೀರು ಕ್ಲೋರಿನ್ನನ್ನು ತಾನೇ ನುಂಗುತ್ತದೆ.

ಕೊರೋನಾ ಉಸಿರಿನ ರೋಗ; ಬೀದಿಗೆ ಔಷಧ ಹೊಡೆದದ್ದು ಬರೀ ಸಮಾಧಾನಕ್ಕೆ. ಸೋಂಕಿತರಲ್ಲಿ ಬಹುಪಾಲು ಜನ ಯಾರಿಗೂ ಅಂಟಿಸುವುದಿಲ್ಲ, ಕೆಲವರು ಮಾತ್ರ ಗಾಳಿಯಾಡದ ಜಾಗದಲ್ಲಿ ಹತ್ತಾರು ಮಂದಿಗೆ ಅಂಟಿಸುತ್ತಾರೆ. ಹಾಗಾಗಿ ಬಯಲಲ್ಲಿ ತೇರಿಗೆ ಉತ್ತತ್ತಿ ಎಸೆಯುವ ಗಳಿಗೆಗಿಂತ ಕಿಟಕಿ ಮುಚ್ಚಿದ ಕೋಣೆಯ ರಾತ್ರಿಯಿಡೀ ಭಜನೆ, ಕವಾಲಿ, ಅಲ್ಲೇ ಒತ್ತೊತ್ತಾಗಿ ಮಲಗುವುದು, ಗಾಜು ಏರಿಸಿಕೊಂಡು ಓಡುವ ಕ್ರೂಸರ್ ಹೆಚ್ಚು ಅಪಾಯ. ಬಾಗಿಲಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರ್ ಬಹಳ ಉಪಯೋಗವಿಲ್ಲ: ಜ್ವರಕ್ಕೆ ಎರಡು ದಿನ ಮೊದಲೇ ಸೋಂಕು ಹರಡಲು ಶುರುವಾಗಿರುತ್ತದೆ.

ಕೂಟ ನಿಲ್ಲಿಸದೆಯೂ ರೋಗ ತಡೆದದ್ದುಂಟು. 2000ರ ಹಜ್‌ನಲ್ಲಿ ಮೆದುಳುಪೊರೆಯ ಸೋಂಕು ಹಬ್ಬಿತು. 2002ರಿಂದ ನಾಲ್ಕು ಬಗೆಯ ರೋಗಾಣುಗಳಿಗೆ ಒಂದೇ ಲಸಿಕೆ ಕಡ್ಡಾಯ, ಅದೂ ಹೊರಡುವ ಹತ್ತು ದಿನ ಮೊದಲು. ಹೊಸ ರೋಗಕ್ಕೆ ಲಸಿಕೆ ಇರದಾಗ ಮಾತ್ರ ಕೂಟವನ್ನೇ ಕಿರಿದು ಮಾಡದೆ ದಾರಿಯಿಲ್ಲ. 2020ರಲ್ಲಿ ಹಜ್‌ಗೇ ಸುಮಾರು ಸಾವಿರ ಜನ.

ಒಂದು ಧರ್ಮದವರತ್ತ ಬೆರಳು ತೋರಿದರೆ ಹೋಗಿಬಂದವರು ಬಾಯಿ ಬಿಡುವುದಿಲ್ಲ, ಸಂಪರ್ಕಿತರ ಪಟ್ಟಿ ಹರಕಾಗುತ್ತದೆ. ಬೇಕಾದದ್ದು ಊರುವಾರು, ಗಾಡಿವಾರು ಹೆಸರು. ಟೆಂಟ್ ಕಿತ್ತ ದಿನವೇ ಆರೋಗ್ಯ ತಂಡವೂ ಹೊರಟುಬಿಟ್ಟರೆ, ಮೊದಲ ಜ್ವರ ಕಾಣುವುದು ಐದನೇ ದಿನ, ಆಳಂದದಲ್ಲೋ ಜೇವರ್ಗಿಯಲ್ಲೋ.