ಕಾಫಿ ಹುಡುಕಿದರೆ ಕೆಫೆ ಯಾಕೆ ಬಂತು?

ಮೂಡಿಗೆರೆ ಹತ್ತಿರದ ನಮ್ಮ ಮನೆಯಲ್ಲಿ ಒಂದು ಪುಟ್ಟ ಕಂಪ್ಯೂಟರಿದೆ. ನಾಲ್ಕಾರು ಬೆಳೆಗಾರರು ಸೇರಿ ಬರೆಯುತ್ತಿರುವ ಕಾಫಿ ವಿಕಿ ಓಡುವುದು ಅದರ ಮೇಲೆ. ಬೋರ್ಡೋ ದ್ರಾವಣ ತಯಾರಿಸುವುದು ಹೇಗೆ, ಬಿಳಿ ಕಾಂಡಕೊರಕ ಹೊಕ್ಕ ಗಿಡ ಗುರುತಿಸುವುದು ಹೇಗೆ, ಎಲ್ಲ ಅದರಲ್ಲಿದೆ. ಆದರೆ ಒಂದು ಪದ ಹುಡುಕಿದರೆ ಉತ್ತರ ಬರಲು ಬಹಳ ಹೊತ್ತು ಬೇಕಿತ್ತು. ತೋಟದಲ್ಲಿ ನಿಂತು ಮೊಬೈಲಿನಲ್ಲಿ ನೋಡುವವರನ್ನು ಅಷ್ಟು ಕಾಯಿಸಬಾರದು ಅಲ್ವಾ?

ತಪ್ಪು ಕಂಪ್ಯೂಟರಿನದಲ್ಲ. ಪ್ರತಿ ಸಲವೂ ಅದು ಎಲ್ಲ ಪುಟಗಳನ್ನೂ ಮೊದಲಿಂದ ಕೊನೆಯವರೆಗೆ ಓದುತ್ತಿತ್ತು. ತೋಟದ ಹಾಜರಿ ಪುಸ್ತಕ ನೆನೆಸಿಕೊಳ್ಳಿ. ಒಂದೊಂದು ದಿನಕ್ಕೆ ಒಂದೊಂದು ಪುಟ, ಅದರಲ್ಲಿ ಅವತ್ತು ಬಂದವರ ಹೆಸರು. ಒಬ್ಬರು ಯಾವ ಯಾವ ದಿನ ಬಂದಿದ್ದರು ಅಂತ ಕೇಳಿದರೆ ಇಡೀ ಪುಸ್ತಕ ತಿರುವಬೇಕು. ಅದನ್ನೇ ತಿರುಗಿಸಿ, ಒಂದೊಂದು ಹೆಸರಿಗೆ ಒಂದು ಪುಟ ಮಾಡಿ ಬಂದ ದಿನಗಳನ್ನು ಬರೆದಿಟ್ಟರೆ ಒಂದೇ ಪುಟ ತೆಗೆದರೆ ಸಾಕು. ಹೀಗೆ ಪದದಿಂದ ಪುಟಕ್ಕೆ ಹೋಗುವ ಪಟ್ಟಿಯೇ ಇಂಡೆಕ್ಸ್. ಪುಟಗಳನ್ನೆಲ್ಲ ಇಡಲು ನಾವು ಬಳಸುವ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಇದಕ್ಕಾಗಿಯೇ ಎಫ್‌ಟಿಎಸ್5 ಅಂತ ಒಂದು ಭಾಗವಿದೆ.

ಇಂಡೆಕ್ಸ್ ಹಾಕಿದೆವು. ವೇಗ ಬಂತು. ಆದರೆ 'ಕಾಫಿ' ಅಂತ ಹುಡುಕಿದರೆ 'ಕೆಫೆ' ಇರುವ ಪುಟವೂ ಬಂತು!

ಕಾರಣ ಸ್ವಾರಸ್ಯವಾಗಿದೆ. ನಮ್ಮ ಕಣ್ಣಿಗೆ 'ಕಾ' ಒಂದೇ ಅಕ್ಷರ, ಕಂಪ್ಯೂಟರು ಅಕ್ಷರಗಳನ್ನು ಗುರುತಿಸಲು ಬಳಸುವ ಯೂನಿಕೋಡ್‌ನಲ್ಲಿ ಅದು 'ಕ' ಮತ್ತು ದೀರ್ಘದ ಚಿಹ್ನೆ ಅಂತ ಎರಡು. ಪಠ್ಯವನ್ನು ಪದಗಳಾಗಿ ಕತ್ತರಿಸುವ ಟೋಕನೈಸರ್, ಬೇರೇನೂ ಹೇಳದಿದ್ದರೆ, ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗ ಅಂದುಕೊಳ್ಳುತ್ತದೆ. ಸ್ವರಚಿಹ್ನೆ ಬಂದಲ್ಲೆಲ್ಲ, ಅಲ್ಲೊಂದು ಖಾಲಿ ಜಾಗ ಇದೆಯೇನೋ ಅನ್ನುವ ಹಾಗೆ, ಪದವನ್ನು ತುಂಡು ಮಾಡಿಬಿಡುತ್ತದೆ. ಹಾಗಾಗಿ 'ಕಾಫಿ' ಅಂದರೆ 'ಕ', 'ಫ'. 'ಕೆಫೆ' ಅಂದರೂ ಅದೇ. ಇದರಿಂದ ವೇಗಕ್ಕೂ ಪೆಟ್ಟು: 'ಕ' ಇಲ್ಲದ ಕನ್ನಡ ಪುಟ ಎಲ್ಲಿದೆ ಹೇಳಿ! ಆ ಒಂದಕ್ಷರದ ಪಟ್ಟಿ ಸುಮ್ನೆ ಉದ್ದವಾಗುತ್ತಾ ಹೋಗುತ್ತದೆ.

ಪರಿಹಾರ ಒಂದೇ ಸಾಲು. ಯಾವ ಬಗೆಯ ಅಕ್ಷರಗಳು ಪದದ ಭಾಗ ಅಂತ ಹೇಳುವ ಟೋಕನೈಸರಿನ ವರ್ಗಗಳ ಪಟ್ಟಿಗೆ ಯೂನಿಕೋಡ್‌ನ ಎಂಎನ್ ಮತ್ತು ಎಂಸಿ ಎಂಬ ಚಿಹ್ನೆಗಳ ವರ್ಗಗಳನ್ನೂ ಸೇರಿಸಬೇಕು, ಆಮೇಲೆ ಇಂಡೆಕ್ಸನ್ನು ಹೊಸದಾಗಿ ಕಟ್ಟಬೇಕು. ಕನ್ನಡದಲ್ಲಿ ವಿಕಿ ನಡೆಸುವ ಪ್ರತಿಯೊಬ್ಬರಿಗೂ ಇದು ಗೊತ್ತಿರಲೇಬೇಕು ಅನ್ನುತ್ತೇನೆ.

ಇನ್ನೊಂದು ತೊಡಕು ವಿಭಕ್ತಿ. ಕಾಫಿಗೆ, ಕಾಫಿಯಲ್ಲಿ ಇವು ಇಂಡೆಕ್ಸಿಗೆ ಬೇರೆ ಬೇರೆ ಪದ. ಹುಡುಕುವ ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಆ ಪದದಿಂದ ಶುರುವಾಗುವುದೆಲ್ಲ ಸಿಗುತ್ತದೆ. ಆದರೆ 'ತುಕ್ಕು' ಅಂತ ಕೊಟ್ಟರೆ 'ತುಕ್ಕಿನ' ಸಿಗುವುದಿಲ್ಲ, ಕೊನೆಯ ಉಕಾರ ಬಿದ್ದುಹೋಗಿರುತ್ತದಲ್ಲ. ಅದಕ್ಕೇ ಹುಡುಕುವ ಮೊದಲು ಪದದ ಕೊನೆಯ ಕೊಂಬನ್ನು ನಾವೇ ತೆಗೆದು 'ತುಕ್ಕ' ಮಾಡಿ ನಕ್ಷತ್ರ ಸೇರಿಸುತ್ತೇವೆ. ಎಲೆ ತುಕ್ಕಿನ ಪುಟಗಳೆಲ್ಲ ಈಗ ತಕ್ಷಣ ಬರುತ್ತವೆ. 'ನೀರು' ಅಂತ ಹುಡುಕಿದರೆ 'ನೀರಸ'ವೂ ಜೊತೆಗೆ ಬರುತ್ತದೆ, ಅದನ್ನು ಸದ್ಯಕ್ಕೆ ಹಾಗೇ ಬಿಟ್ಟಿದ್ದೇವೆ.