ಮದ್ದು ಹೊಡೆದ ದಿನವೇ ಮಳೆ ಬಂದರೆ ಐರನಿ ಆಗುವುದಿಲ್ಲ

"ಅಡಿಕೆಗೆ ಮದ್ದು ಹೊಡೆದ ಸಂಜೆಯೇ ಮಳೆ ಸುರಿಯಿತು, ಎಂಥ ಐರನಿ!" ಶಿರಸಿ ಕಡೆಯ ಪಿಯುಸಿ ಮಕ್ಕಳ ಇಂಗ್ಲಿಷ್ ಪ್ರಬಂಧಗಳಲ್ಲಿ ಇಂಥ ವಾಕ್ಯ ಓದಿ ಓದಿ ಸಾಕಾಗಿದೆ. ಮಾರಾಯ, ಅದು ಜುಲೈ ತಿಂಗಳು, ಮಳೆ ಬಾರದಿದ್ದರೆ ತಾನೆ ಆಶ್ಚರ್ಯ! ಐರನಿಗೆ ಕನ್ನಡದಲ್ಲಿ ವಿಪರ್ಯಾಸ ಎನ್ನುತ್ತೇವೆ. ಕೆಟ್ಟದ್ದೇನೇ ನಡೆದರೂ "ವಿಪರ್ಯಾಸವೆಂದರೆ" ಎಂದು ಶುರುಮಾಡುವ ನಮ್ಮ ಪತ್ರಿಕೆಗಳ ಚಟವೇ ಇಲ್ಲಿಗೂ ಅಂಟಿದೆ.

ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಮಾಡುವ ಬೋರ್ಡೋ ಮದ್ದಿಗೆ ಸುಣ್ಣ ಕಡಿಮೆಯಾಗಿ, ಕೊಳೆರೋಗದಿಂದ ಉಳಿಸಲೆಂದು ಹೊಡೆಸಿದ ಮದ್ದೇ ಎಳೆಗಾಯಿ ಸುಟ್ಟರೆ ಅದು ಐರನಿ. ಉಳಿಸಲು ಮಾಡಿದ್ದೇ ಕೆಡಿಸಬೇಕು. ವಿಪರ್ಯಾಸದೊಳಗಿನ 'ಅಸ್' ಧಾತುವಿಗೆ ಎಸೆಯುವುದು ಎಂದರ್ಥ; ವಿ, ಪರಿ ಸೇರಿದರೆ ಬುಡಮೇಲು ಮಾಡುವುದು. ಬರೀ ದುರದೃಷ್ಟಕ್ಕೆ ಅಷ್ಟು ದೊಡ್ಡ ಪದ ಬೇಡ.

ಗ್ರೀಕ್ ಮೂಲ ಇನ್ನೂ ಸ್ವಾರಸ್ಯದ್ದು. ಹಳೆಯ ಹಾಸ್ಯನಾಟಕಗಳಲ್ಲಿ ಐರೋನ್ ಎಂಬ ಪಾತ್ರ, ಬಲ್ಲವನಾಗಿಯೂ ಪೆದ್ದನಂತೆ ನಟಿಸುವವನು. ಅವನೆದುರು ಅಲಜೋನ್ ಎಂಬ ಬಡಾಯಿಕೋರ. ಸೋಲುವುದು ಯಾರೆಂದು ಹೇಳಬೇಕಿಲ್ಲ. ಪ್ಲೇಟೋನ 'ರಿಪಬ್ಲಿಕ್'ನಲ್ಲಿ ವಾದಕ್ಕಿಳಿದ ತ್ರಾಸಿಮಾಕಸ್ ಸಾಕ್ರಟೀಸನ ಮೇಲೆ ರೇಗಿ, ನಿನ್ನ ಮಾಮೂಲಿ ಐರೋನಿಯಾ, ಅಂದರೆ ಪೆದ್ದನ ನಟನೆ, ಶುರುವಾಯಿತು ಎನ್ನುತ್ತಾನೆ. ಆಗ ಅದು ಬೈಗುಳ. ಗೊತ್ತಿರುವುದಕ್ಕೂ ತೋರಿಸಿಕೊಳ್ಳುವುದಕ್ಕೂ ನಡುವಿನ ಈ ಅಂತರ ಹಿಡಿದರೆ ಉಳಿದದ್ದು ಸುಲಭ.

ಪಾತ್ರಕ್ಕೆ ಗೊತ್ತಿಲ್ಲದ್ದು ಪ್ರೇಕ್ಷಕರಿಗೆ ಗೊತ್ತಿದ್ದರೆ ಅದು ಡ್ರಮ್ಯಾಟಿಕ್ ಐರನಿ. ಅದಕ್ಕೆ ಗೈಡುಗಳಲ್ಲಿ ಗ್ರೀಕ್ ನಾಟಕದ ಈಡಿಪಸ್ ಇದ್ದೇ ಇದ್ದಾನೆ. ನಮಗೆ ಯಕ್ಷಗಾನದ ಕರ್ಣಪರ್ವ ಸಾಲದೆ? ಕರ್ಣ ಹಿರಿಯಣ್ಣನೆಂದು ಕೃಷ್ಣನಿಗೆ ಗೊತ್ತು, ಕರ್ಣನಿಗೇ ಗೊತ್ತು, ಕಂಬಳಿ ಹೊದ್ದು ಕೂತ ಪ್ರೇಕ್ಷಕರಿಗೆಲ್ಲ ಗೊತ್ತು. ಗೊತ್ತಿಲ್ಲದಿರುವುದು ಬಾಣ ಹೂಡಿದ ಅರ್ಜುನನಿಗೆ. ಅವನು 'ಸೂತಪುತ್ರ' ಎಂದು ಹಂಗಿಸಿದಾಗೆಲ್ಲ ಆ ಮಾತು ತಗಲುವುದು ಅವನ ಹೆತ್ತತಾಯಿಗೆ.

ಅಂದುಕೊಂಡದ್ದಕ್ಕೆ ತಿರುಗಾಗಿ ನಡೆಯುವ ಸನ್ನಿವೇಶದ ಐರನಿಗೂ ದೂರ ಹೋಗಬೇಕಿಲ್ಲ. 1883ರಲ್ಲಿ ಕಾರವಾರದಲ್ಲಿ ಜಡ್ಜ್ ಆಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ರವೀಂದ್ರನಾಥ ಟಾಗೋರರು ಇಲ್ಲೇ 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದರು. ಮಮತೆಯನ್ನೆಲ್ಲ ಗೆದ್ದೆನೆಂದು ಬೀಗುವ ಸನ್ಯಾಸಿಯನ್ನು ಒಬ್ಬ ಅನಾಥ ಹುಡುಗಿ ಸೋಲಿಸುತ್ತಾಳೆ. ಅವಳನ್ನು ಬಿಟ್ಟು ಓಡಿದವನು ದಂಡ ಕಮಂಡಲು ಎಸೆದು ಮರಳುವ ಹೊತ್ತಿಗೆ ಅವಳೇ ಇಲ್ಲ.

ಸರ್ಕಾಸಂ, ಅಂದರೆ ಚುಚ್ಚುಮಾತು, ಬೇರೆ ಸರಕು. ಗ್ರೀಕಿನಲ್ಲಿ ಅದಕ್ಕೆ ಮೂಲ ಮಾಂಸ ಹರಿಯುವುದು. ಫೇಲಾದವನಿಗೆ "ಬನ್ನಿ ಪಂಡಿತರೇ" ಅಂದರೆ ಐರನಿಯೂ ಹೌದು, ಸರ್ಕಾಸಮ್ಮೂ ಹೌದು. ಧೋ ಎಂದು ಸುರಿಯುವಾಗ ಛತ್ರಿ ಬಿಚ್ಚುತ್ತ "ಒಳ್ಳೆ ಬಿಸಿಲು" ಅಂದರೆ ಯಾರಿಗೂ ಗಾಯವಿಲ್ಲ, ಐರನಿ ಮಾತ್ರ.